ಸಮುದ್ರದ ಹಟ್ಟಿಯಲ್ಲಿ ಎರಡು ಕಪ್ಪು ಮೀನು

ಕಣಗಲಾದ ಆಚೆ

ಟರ್ಕಿ ದೇಶಕ್ಕೆ ಹೋಗಿ ಬಂದ ಮೇಲೆ ಮಸಗುಪ್ಪಿಯಲ್ಲಿ ನಮ್ಮ ಮನೆಯ ಕಟ್ಟೆ ಖಾಲಿ ಇದ್ದದ್ದೇ ಇಲ್ಲ. ವಿಮಾನದಲ್ಲಿ ತಿನ್ನಲು ಏನು ಕೊಟ್ಟರು, ಅಲ್ಲಿಯ ಹೆಂಗಸರು ಏನು ಉಡುತ್ತಾರೆ, ಸಮುದ್ರ ನಮ್ಮ ಘಟಪ್ರಭೆಗಿಂತ ಎಷ್ಟು ದೊಡ್ಡದು ಎಂದು ಕೇಳಿದವರಿಗೆಲ್ಲ ಕೈ ಬಾಯಿ ತಿರುಗಿಸಿ ಹೇಳಿದ್ದೇನೆ. ಆದರೆ ಹೇಳಿದ್ದು ಅರ್ಧ ಕಥೆ. ಉಳಿದ ಅರ್ಧದಲ್ಲಿ ನಾನು ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ. ಅದನ್ನು ಕಟ್ಟೆಯ ಮೇಲೆ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ.

ನನ್ನ ಹೆಸರು ಲಕ್ಕವ್ವ. ನಮ್ಮದು ಕುರಿಗಾರರ ಮನೆತನ. ನಾನು ಕಲಿತದ್ದು ಆರನೇ ಇಯತ್ತೆ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಬಾಳಪ್ಪ ಮಾತ್ರ ಓದುತ್ತ ಓದುತ್ತ ಮಂಗಳೂರಿಗೆ ಹೋದ, ಅಲ್ಲಿಂದ ಟರ್ಕಿಗೆ ಹೋದ, ಮೀನಿನ ಡಾಕ್ಟರ್ ಆದ. ಸಮುದ್ರದಲ್ಲಿ ಬಲೆ ಕಟ್ಟಿ ಮೀನು ಸಾಕುವ ಕಡೆ ಅವುಗಳಿಗೆ ಬರುವ ರೋಗ ನೋಡುವುದು ಅವನ ಕೆಲಸ. ಇದನ್ನು ಊರಿನಲ್ಲಿ ಯಾರೂ ನಂಬಿರಲಿಲ್ಲ. “ಮೀನಕ್ಕ ನೆಗಡಿ ಬಂದ್ರ ನಿನ್ನ ತಮ್ಮ ಮೂಗು ಎಲ್ಲಿ ಒರಸತಾನು?” ಎಂದು ನಮ್ಮ ಯಜಮಾನರೇ ನಗುತ್ತಿದ್ದರು.

ಒಂದು ದಿನ ಬಾಳುನ ಫೋನು ಬಂತು. “ಅಕ್ಕಾ, ಬಲಗೈ ಮುರೀತು.”

“ಯವ್ವಾ! ಸಮುದ್ರದಾಗ ಬಿದ್ದೇನೋ?”

“ಇಲ್ಲ, ಬಚ್ಚಲದಾಗ. ಸಾಬೂನಿನ ಮ್ಯಾಲೆ ಕಾಲಿಟ್ಟೆ.”

ವರ್ಷಗಟ್ಟಲೆ ತೂಗಾಡುವ ದೋಣಿಯ ಮೇಲೆ ನಿಂತವನು ಒಂದು ಸಾಬೂನಿಗೆ ಸೋತಿದ್ದ. ಮದುವೆಯಾಗಿಲ್ಲ, ಒಂದೇ ಕೈಯಲ್ಲಿ ಅಡುಗೆ ಆಗುವುದಿಲ್ಲ. ಪಟ್ಟಿ ಬಿಚ್ಚುವವರೆಗೆ ನೀನು ಬಾ ಎಂದು ಹಟ ಹಿಡಿದ. ಪಾಸ್‌ಪೋರ್ಟನ್ನು ಅವನೇ ಮೊದಲು ಒತ್ತಾಯ ಮಾಡಿ ಮಾಡಿಸಿಟ್ಟಿದ್ದ. ಯಜಮಾನರು ಒಂದೇ ಮಾತು ಕೇಳಿದರು: “ಕುರಿ ನಾ ನೋಡಕೋತೇನಿ. ಮರಿ ಯಾರು ನೋಡತಾರ?”

ಆ ಮಾತು ನನಗೆ ಹಾರ ಹಾಕಿದ ಹಾಗಾಯಿತು. ಯಾಕೆಂದರೆ ನಮ್ಮ ಓಣಿಯಲ್ಲಿ ನನಗೆ ಒಂದು ಹೆಸರಿದೆ. ಹಿಂಡಿನಲ್ಲಿ ಬಲವಾದ ಮರಿಗಳು ಮೊಲೆಗೂ ಮೇವಿಗೂ ಮುಂದೆ ನುಗ್ಗುತ್ತವೆ. ಸೊರಗಿದ ಮರಿ ಅಂಚಿಗೆ ಸರಿದು ನಿಲ್ಲುತ್ತದೆ. ಅಂಥದ್ದನ್ನು ನಾನು ಎತ್ತಿ ತಂದು ಅದಕ್ಕಿಂತ ಸಣ್ಣ ಮರಿಗಳ ನಡುವೆ ಬಿಡುತ್ತೇನೆ. ಅಲ್ಲಿ ಅದನ್ನು ಯಾರೂ ತಳ್ಳುವುದಿಲ್ಲ, ಹೊಟ್ಟೆ ತುಂಬ ತಿಂದು ಎದ್ದು ನಿಲ್ಲುತ್ತದೆ. ಲಕ್ಕವ್ವನ ಕೈಗೆ ಬಂದ ಮರಿ ಸಾಯುವುದಿಲ್ಲ ಎಂದು ಜನ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಈ ನಂಬಿಕೆಯನ್ನೇ ಗಂಟು ಕಟ್ಟಿಕೊಂಡು ಪರದೇಶಕ್ಕೆ ಹೋದೆ.

ಯಮಕನಮರಡಿಯಲ್ಲಿ ಮಗಳ ಮನೆ. ಅಳಿಯ ಹೆದ್ದಾರಿಗೆ ಬಂದು ಮುಂಬಯಿ ಬಸ್ಸಿಗೆ ಹತ್ತಿಸಿದ. ಒಬ್ಬಳೇ ನಾನು ಹೋದ ಅತಿ ದೂರದ ಊರು ಕಣಗಲಾ, ಅದೂ ಒಂದು ಲಗ್ನಕ್ಕೆ. ಬಸ್ಸು ಅದನ್ನು ದಾಟಿದ ಕೂಡಲೇ ಮುಂದಿನ ಲೋಕವೆಲ್ಲ ಪರದೇಶವೇ ಎನ್ನಿಸಿತು. ಹಾಗಾಗಿ ಟರ್ಕಿ ಬಂದಾಗ ಹೊಸದಾಗಿ ಹೆದರುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.

ಇಜ್ಮಿರ್: ರೊಟ್ಟಿಯ ಪರೀಕ್ಷೆ

ಇಜ್ಮಿರ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ತೆರೆಸಿದರು. ಬಾಳುಗೆಂದು ಒಯ್ದಿದ್ದ ಗೋಕಾಕದ ಕರದಂಟು ಅವರ ಯಂತ್ರದಲ್ಲಿ ಇಟ್ಟಿಗೆಯ ಹಾಗೆ ಕಂಡಿತ್ತಂತೆ. ಮೀಸೆಯ ಅಧಿಕಾರಿಯೊಬ್ಬ ಅದನ್ನು ತಟ್ಟಿ ನೋಡಿದ, ಮೂಸಿದ, ನನ್ನ ಮುಖ ನೋಡಿದ. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ, ಇನ್ನೊಂದು ತುಂಡು ಅವನ ಮುಂದೆ ಹಿಡಿದೆ. ತಿನ್ನಲಿಲ್ಲ, ಆದರೆ ನಕ್ಕ. ಆಮೇಲೆ ಬಟ್ಟೆಯಲ್ಲಿ ಸುತ್ತಿದ್ದ ಖಡಕ್ ರೊಟ್ಟಿ ಕಂಡಿತು. ಅದನ್ನು ನೋಡಿ ಪಕ್ಕದವನನ್ನು ಕರೆದ. ಇಬ್ಬರೂ “ಯುಫ್ಕಾ, ಯುಫ್ಕಾ” ಎನ್ನುತ್ತ ಹಳೆಯ ಗೆಳೆಯ ಸಿಕ್ಕ ಹಾಗೆ ರೊಟ್ಟಿಯನ್ನು ನೋಡಿದರು. ಆ ಸಂತೋಷದಲ್ಲಿ ಮೇಲಿನ ಎರಡು ರೊಟ್ಟಿ ಮುರಿದವು, ಪೆಟ್ಟಿಗೆ ಪಾಸಾಯಿತು.

ಹೊರಗೆ ಬಾಳು ಕೊರಳಿಗೆ ಕೈ ತೂಗುಹಾಕಿಕೊಂಡು ನಿಂತಿದ್ದ. “ಅಕ್ಕಾ, ಅವರ ಮನಿಯಾಗೂ ನಮ್ಮಂಗ ರೊಟ್ಟಿ ಒಣಗಿಸಿ ಇಡತಾರ. ತಿನ್ನೂ ಮುಂದ ನೀರು ಚಿಮುಕಿಸಿ ಮೆತ್ತಗ ಮಾಡಕೋತಾರ. ಅದಕ್ಕ ಖುಷಿ ಆತು ಅವರಿಗೆ.”

ದಾರಿಯಲ್ಲಿ ಅವನು ಒಂದೊಂದೇ ಮಾತು ಕಲಿಸಿದ. ಅಂಗಡಿಗೆ ದುಕ್ಕಾನ್, ಗಾಳಿಗೆ ಹವಾ, ತಯಾರಾಗಿದ್ದರೆ ಹಾಜರ್, ಆರಾಮಕ್ಕೆ ರಾಹತ್.

“ಇದೇನೋ, ಗೋಕಾಕ ಸಂತಿಯೊಳಗೂ ಇವೇ ಮಾತು ಆಡತಾರಲ್ಲ! ಸಾಬೂನಿಗೆ ಏನಂತಾರು?”

“ಸಾಬೂನ್.”

“ಹಂಗಾರ ನೀ ಬಿದ್ದದ್ದು ನಮ್ಮೂರ ಸಾಬೂನಿನ ಮ್ಯಾಲೇ ಬಿಡು.”

ಅಕ್ಕನಿಗೆ ಅವರು ‘ಅಬ್ಲಾ’ ಎನ್ನುತ್ತಾರೆ. ಬಾಳುನ ಅಬ್ಲಾ ಬಂದಿದ್ದಾಳೆ ಎಂದು ಗೊತ್ತಾದ ಮೇಲೆ ಆ ದಂಡೆಯ ಊರಿನಲ್ಲಿ ಚಹಾದಂಗಡಿಯವನಿಂದ ಹಿಡಿದು ಎಲ್ಲರೂ ನನ್ನನ್ನು ಅಬ್ಲಾ ಎಂದೇ ಕರೆದರು. ಲಕ್ಕವ್ವ ಎಂಬ ಹೆಸರು ಪೆಟ್ಟಿಗೆಯಲ್ಲೇ ಉಳಿಯಿತು.

ನೀರಿನ ಮೇಲಿನ ಹಟ್ಟಿ

ಬಾಳು ಕೆಲಸ ಮಾಡುವ ಮೀನು ಸಾಕಣೆಯ ಒಡತಿ ನೂರಾನ್ ಎಂಬ ಹೆಂಗಸು. ಕತ್ತರಿಸಿದ ಕೂದಲು, ಗಂಡಸರ ಅಂಗಿ, ಸುಮ್ಮನೆ ನಗುವ ಸ್ವಭಾವವಲ್ಲ. ಒಂದೇ ಕೈಯ ಡಾಕ್ಟರನ ಪೆಟ್ಟಿಗೆ, ಸೀಸೆ, ಚಾಕು ಹಿಡಿಯಲು ಯಾರಾದರೂ ಬೇಕಿತ್ತು. ಅಬ್ಲಾ ಬರಲಿ ಎಂದು ಅವಳೇ ಒಪ್ಪಿದಳು.

ಮೊದಲ ದಿನ ದಕ್ಕೆಯ ಬಾಯಿಯಲ್ಲಿ ಒಂದು ಅಗಲವಾದ ತಟ್ಟೆ ಕಂಡಿತು. ಅದರ ತುಂಬ ನಸುಗೆಂಪು ನೀರು. ಮುಂದಿದ್ದವರೆಲ್ಲ ಅದರಲ್ಲಿ ಕಾಲಿಟ್ಟು ದಾಟುತ್ತಿದ್ದರು. ನನಗೆ ಅರ್ಥವಾದದ್ದು ಒಂದೇ: ಗುಡಿಯ ಮುಂದೆ ಕಾಲು ತೊಳೆದ ಹಾಗೆ ಇದೂ ಅವರ ಸಂಪ್ರದಾಯ. ಚಪ್ಪಲಿ ಬಿಟ್ಟೆ, ಬರಿಗಾಲು ಅದ್ದಿದೆ, ಬಗ್ಗಿ ಎರಡು ಹನಿ ತಲೆಗೂ ಹಾಕಿಕೊಂಡೆ.

“ಅಕ್ಕಾ! ತಲಿಗಲ್ಲ, ಬೂಟಿಗೆ!” ಬಾಳು ಕೂಗಿದ. “ಅದು ತೀರ್ಥ ಅಲ್ಲ, ರೋಗದ ಹುಳಾ ಸಾಯಾಕ ಇಟ್ಟ ಔಷಧ!”

ದಕ್ಕೆಯ ಮೇಲೆ ಹಗ್ಗ ಸುತ್ತುತ್ತಿದ್ದ ಒಬ್ಬ ದೊಡ್ಡ ಆಳು ನಕ್ಕು ನಕ್ಕು ಹಗ್ಗದ ಮೇಲೆಯೇ ಕೂತುಬಿಟ್ಟ. ಅವನು ಇಸ್ಮಾಯಿಲ್. ಬಲೆಗಳನ್ನು ಹೊಲಿಯುವುದು, ತೊಳೆಯುವುದು, ಸತ್ತ ಮೀನು ಎತ್ತುವುದು ಅವನ ಪಾಲಿನ ಕೆಲಸ. ಎದ್ದು ಬಂದು ನನಗೆ ತನ್ನ ಹೆಂಡತಿಯ ಹಳೆಯ ರಬ್ಬರ್ ಬೂಟು ಕೊಟ್ಟ. ಇಳಕಲ್ ಸೀರೆಯ ಕೆಳಗೆ ಮೊಣಕಾಲುದ್ದದ ಹಳದಿ ಬೂಟು. ಆ ವೇಷದಲ್ಲಿ ನಾನು ಮೊದಲ ಸಲ ಸಮುದ್ರದ ಮೇಲೆ ಹೋದೆ.

ಸಮುದ್ರವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಎಷ್ಟು ನೋಡಿದರೂ ಆಚೆ ದಡ ಸಿಗದೆ ಕಣ್ಣು ಸುಸ್ತಾಗುತ್ತದೆ, ಅಷ್ಟೇ ಹೇಳಬಲ್ಲೆ. ಬಲೆಗೂಡುಗಳು ಮಾತ್ರ ಚೆನ್ನಾಗಿ ತಿಳಿದವು. ನೀರಿನ ಮೇಲೆ ದೊಡ್ಡ ಕಪ್ಪು ಪೈಪಿನ ವರ್ತುಲ ತೇಲುತ್ತದೆ, ಅದರಿಂದ ಕೆಳಕ್ಕೆ ಚೀಲದಂತೆ ಬಲೆ ಇಳಿಬಿದ್ದಿರುತ್ತದೆ. ಒಳಗೆ ಸಾವಿರಾರು ಮೀನು ಒಂದೇ ಕಡೆಗೆ ಸುತ್ತುತ್ತವೆ. ಮೇವು ಎರಚಿದರೆ ನೀರು ಕುದಿಯುತ್ತದೆ. ಸಂಜೆ ಹಿಂಡಿ ಇಟ್ಟಾಗ ನಮ್ಮ ಕುರಿಗಳು ನುಗ್ಗುವುದೂ ಹೀಗೇ. ಇದು ಕುರಿಹಟ್ಟಿಯೇ, ನೀರಿನಲ್ಲಿ ಮುಳುಗಿಸಿದ್ದಾರೆ ಎಂದುಕೊಂಡೆ. ಇದರ ಎಲ್ಲ ವಿದ್ಯೆಯೂ ನನಗೆ ಗೊತ್ತು ಎಂದೂ ಅಂದುಕೊಂಡೆ.

ದೊಡ್ಡ ಮೀನುಗಳ ಗೂಡಿಗೆ ನೀಲಿ ಬಣ್ಣದ ಗುರುತು. ಹೊಸದಾಗಿ ತಂದ ಸಣ್ಣ ಮರಿಗಳ ಗೂಡಿಗೆ ಹಳದಿ ಗುರುತು. ಅದು ನೀರು ಹರಿದು ಬರುವ ಕಡೆ, ಉಳಿದವಕ್ಕಿಂತ ದೂರ. ನಡುವೆ ಓಡಾಡಲು ತೇಲುವ ದಾರಿ. ಪ್ರತಿ ಗೂಡಿಗೂ ಅದರದೇ ಬಣ್ಣದ ಕೈಬಲೆ, ಅದರದೇ ಕೊಕ್ಕೆ. ಒಂದು ಗೂಡಿನ ಬಲೆ ಇನ್ನೊಂದಕ್ಕೆ ಮುಟ್ಟಿಸಬಾರದು, ಮುಟ್ಟಿಸಿದರೆ ಔಷಧದ ಬಕೀಟಿನಲ್ಲಿ ಅದ್ದಬೇಕು ಎಂದು ಬಾಳು ವಿವರವಾಗಿ ಹೇಳಿದ. ನಾನು ಹೂಂ ಹೂಂ ಎಂದೆ. ಕೆಳಗಿರುವುದು ಒಂದೇ ಸಮುದ್ರ, ಎಲ್ಲ ಬಲೆಯೊಳಗೂ ಅದೇ ನೀರು, ಕೈಬಲೆ ಬೇರೆ ಮಾಡಿ ಏನು ಸಾಧಿಸುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕೆ.

ಫಾತ್ಮಾಳ ಅಂಗಳ

ಒಂದು ಭಾನುವಾರ ಇಸ್ಮಾಯಿಲ್ ಮನೆಗೆ ಕರೆದ. ಅವನ ಹೆಂಡತಿ ಫಾತ್ಮಾ ಅಂಗಳದಲ್ಲಿ ಒಲೆ ಹೂಡಿ, ಮುಂಡಾಸಿನಷ್ಟು ಅಗಲದ ಯುಫ್ಕಾ ಲಟ್ಟಿಸುತ್ತಿದ್ದಳು. ಅವಳ ಲಟ್ಟಣಿಗೆ ನಮ್ಮ ಒನಕೆಯ ತಮ್ಮ, ಆದರೆ ತೆಳ್ಳಗೆ. ನಾನು ಪಕ್ಕದಲ್ಲಿ ಕೂತು, ತಂದಿದ್ದ ಜೋಳದ ಹಿಟ್ಟು ನಾದಿ ಕೈಯಲ್ಲಿ ರೊಟ್ಟಿ ಬಡಿದೆ. ಬಡಿಯುವ ಸಪ್ಪಳಕ್ಕೆ ಅಕ್ಕಪಕ್ಕದ ಹೆಂಗಸರೆಲ್ಲ ಗೋಡೆಯ ಮೇಲಿಂದ ಇಣುಕಿದರು. ಒಬ್ಬಳು ಏನೋ ಕೇಳಿದಳು. ಬಾಳು ನಗುತ್ತ ಹೇಳಿದ: “ಯಾರ ಮ್ಯಾಲಿನ ಸಿಟ್ಟು ಅಂತ ಕೇಳಾಕತ್ತಾಳ, ಹಿಂಗ ಬಡಿಯಾಕ.”

“ನಿನ್ನ ಮ್ಯಾಲಿಂದು ಅನ್ನು. ಸಾಬೂನು ನೋಡದ ಕಾಲಿಟ್ಟಿಯಲ್ಲ.”

ಶೇಂಗಾ ಚಟ್ನಿ ತಿಂದು ಇಸ್ಮಾಯಿಲನ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಕೈಚಾಚಿದ. ಚಹಾ ಮುಗಿದ ಲೋಟ ಕೆಳಗಿಟ್ಟರೆ ಅವರು ಮತ್ತೆ ತುಂಬುತ್ತಾರೆ. ಸಾಕು ಎನ್ನುವುದಕ್ಕೆ ಲೋಟದ ಮೇಲೆ ಚಮಚ ಅಡ್ಡ ಇಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಬೇಡ ಎಂದರೆ ಬೇಜಾರಾಗುತ್ತಾರೆ ಎಂದು ಕುಡಿಯುತ್ತಲೇ ಹೋದೆ. ನನ್ನ ಅವಸ್ಥೆ ನೋಡಿ ಕೊನೆಗೆ ಫಾತ್ಮಾಳೇ ನನ್ನ ಲೋಟದ ಮೇಲೆ ಚಮಚ ಇಟ್ಟಳು.

ಚಹಾದ ಹೊತ್ತು

ಇನ್ನು ಆ ಅರ್ಧ.

ನೀಲಿ ಗೂಡಿನ ಅಂಚಿನಲ್ಲಿ ಎರಡು ಮೀನು ಕೆಲವು ದಿನಗಳಿಂದ ನನ್ನ ಕಣ್ಣಿಗೆ ಬೀಳುತ್ತಿದ್ದವು. ಉಳಿದವು ಬೆಳ್ಳಿಯಂತೆ ಹೊಳೆದರೆ ಇವು ಕರ್ರಗೆ. ಬೇರೆಯವು ಸುತ್ತುತ್ತಿದ್ದರೆ ಇವು ಮೇಲೆ ಬಂದು, ಬಲೆಗೆ ಒರಗಿದ ಹಾಗೆ ನಿಲ್ಲುತ್ತಿದ್ದವು. ಮೇವು ಎರಚಿದಾಗ ದೊಡ್ಡವು ತಳ್ಳಿದ ರಭಸಕ್ಕೆ ದೂರ ಹೋಗುತ್ತಿದ್ದವು. ಮೈ ಸೊರಗಿ ಉಳಿದವುಗಳ ಅರ್ಧವಾಗಿತ್ತು. ಹಿಂಡಿನ ಅಂಚಿನ ಮರಿ! ನನ್ನ ಕೈ ತುರಿಸಿತು.

ಆ ದಿನ ಎಲ್ಲರೂ ಮೇವಿನ ದೋಣಿಯ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಹೊರಗೆ ನಿಂತಿದ್ದೆ. ಕೊಕ್ಕೆಯಿಂದ ನೀಲಿ ಕೈಬಲೆ ತೆಗೆದೆ. ಆ ಎರಡೂ ಓಡಿಹೋಗಲು ಯತ್ನಿಸಲೂ ಇಲ್ಲ, ಸುಮ್ಮನೆ ಬಲೆಗೆ ಬಂದವು. ಕೈಬಲೆಯನ್ನು ಸೆರಗಿನ ಮರೆಯಲ್ಲಿ ಹಿಡಿದು ತೇಲುವ ದಾರಿಯ ಮೇಲೆ ನಡೆದು ಹಳದಿ ಗೂಡಿಗೆ ಹೋದೆ. “ಹೋಗ್ರಿ ನನ್ನವ್ವ, ಇಲ್ಲಿ ನಿಮ್ಮನ್ನ ಯಾರೂ ದೂಡೂದಿಲ್ಲ” ಎಂದು ಸಣ್ಣ ಮರಿಗಳ ನಡುವೆ ಬಿಟ್ಟೆ. ಅಷ್ಟರಲ್ಲಿ ಕೋಣೆಯ ಬಾಗಿಲು ಸಪ್ಪಳವಾಯಿತು. ಗಡಿಬಿಡಿಯಲ್ಲಿ ಕೈಬಲೆಯನ್ನು ಅಲ್ಲೇ ಹಳದಿ ಕೊಕ್ಕೆಗೆ ಸಿಕ್ಕಿಸಿ ಬಂದೆ.

ಬಾಳು ಚಾಕು, ಸೀಸೆ ತೆಗೆಯಲು ಹೇಳಿ ನೀಲಿ ಗೂಡಿಗೆ ಬಗ್ಗಿದ. “ಇಲ್ಲೇ ಎರಡು ಕರೇ ಮೀನು ಇದ್ದುವಲ್ಲ ಅಕ್ಕಾ? ಅವನ್ನ ಇವತ್ತು ಕೊಯ್ದು ನೋಡಬೇಕಂತಿದ್ದೆ.”

“ತಳಕ್ಕ ಹೋಗಿರಬೇಕು” ಎಂದೆ.

ಹೇಳಿದ ಸುಳ್ಳು ಅದೊಂದೇ, ಆದರೆ ಅದು ಮುಂದಿನದಕ್ಕೆಲ್ಲ ಸಾಕಾಯಿತು. ಆ ಸಂಜೆ ನಾನು ಹಾಡುತ್ತ ಅಡುಗೆ ಮಾಡಿದೆ. ಎರಡು ಜೀವ ಉಳಿಸಿದ್ದೇನೆ ಎಂಬ ಸಂತೋಷ.

ಹಳದಿ ಗೂಡು

ಕೆಲವೇ ದಿನಗಳಲ್ಲಿ ಹಳದಿ ಗೂಡಿನ ಮರಿಗಳು ಸಾಯತೊಡಗಿದವು. ಮೊದಲು ಬೊಗಸೆಯಷ್ಟು, ಆಮೇಲೆ ಬುಟ್ಟಿಗಟ್ಟಲೆ. ಬಾಳು ಒಂದೇ ಕೈಯಲ್ಲಿ ತೋರಿಸಿದ, ನಾನು ಹಿಡಿದುಕೊಟ್ಟೆ. ಹೊಟ್ಟೆ ಕೊಯ್ದರೆ ಒಳಗೆ ಗುಲ್ಮದ ಮೇಲೆ ರವೆ ಎರಚಿದ ಹಾಗೆ ಬಿಳಿ ಚುಕ್ಕೆ. ಅದರ ಒಂದು ತೊಟ್ಟನ್ನು ಗಾಜಿನ ತಟ್ಟೆಯಲ್ಲಿಟ್ಟು ಬೆಚ್ಚಗೆ ಕಾಯಿಸಿದ. ಮರುದಿನ ಅದರಲ್ಲಿ ಸಣ್ಣ ಸಣ್ಣ ಮೊಸರಿನ ಹನಿಯಂಥವು ಎದ್ದಿದ್ದವು.

“ಇದ ನೋಡು ಅಕ್ಕಾ, ಬ್ಯಾಕ್ಟೀರಿಯಾ. ಮಳಿಗಾಲದಾಗ ನಮ್ಮ ಎಮ್ಮಿಗೆ ಗಂಟಲು ಬಾತು ಸಾಯೂ ಗಳಲೆ ಬ್ಯಾನಿ ಬರತೈತಲ್ಲ, ಮೊದಲಿನ ಕಾಲದಾಗ ಇದಕ್ಕೂ ಅದಕ್ಕೂ ಒಂದೇ ಮನಿತನದ ಹೆಸರು ಇಟ್ಟಿದ್ರು. ನೀರು ಬೆಚ್ಚಗಾತಂದ್ರ ಇದು ಏಳತೈತಿ. ದೊಡ್ಡವು ತಡಕೋತಾವು. ಮರಿಗೆ ಮೊದಲನೇ ಲಸಿಕಿ ಆಗೇತಿ, ಎರಡನೇದು ಇನ್ನ ಬಾಕಿ ಇತ್ತು.”

ಗಳಲೆ ಎಂದ ಕೂಡಲೇ ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಗಳಲೆ ಬಂದ ಎಮ್ಮೆಯನ್ನು ಯಾರಾದರೂ ಕರುಗಳ ನಡುವೆ ಕಟ್ಟುತ್ತಾರೆಯೇ?

“ಔಷಧ ಇಲ್ಲೇನು?”

“ಮೇವಿನಾಗ ಕಲಸಿ ಹಾಕಾಕತ್ತೇವಿ. ತಿಂದವು ಉಳೀತಾವು.”

“ತಿನ್ನದವು?”

“ತಿನ್ನದವಕ್ಕ ಏನ್ ಮಾಡಾಕ ಬರತೈತಿ ಅಕ್ಕಾ?”

ನಮ್ಮ ಮರಿಯಾದರೆ ದವಡೆ ಹಿಡಿದು, ಬಿದಿರಿನ ಗೊಟ್ಟದಿಂದ ಗಂಟಲಿಗೇ ಔಷಧ ಹೊಯ್ಯುತ್ತೇನೆ. ನೀರೊಳಗಿನ ಸಾವಿರ ಬಾಯಿಗೆ ಯಾವ ಗೊಟ್ಟ?

ಅಷ್ಟರಲ್ಲಿ ನೀರಿಗಿಳಿದವರು ಹಳದಿ ಗೂಡಿನ ತಳದಿಂದ ಎರಡು ಸತ್ತ ಮೀನು ತಂದರು. ಬೆರಳುದ್ದದ ಮರಿಗಳ ನಡುವೆ ಅಂಗೈಗಿಂತ ದೊಡ್ಡವು, ಕರ್ರಗಿನವು. ಅದೇ ಹೊತ್ತಿಗೆ ಯಾರೋ ಹಳದಿ ಕೊಕ್ಕೆಯಲ್ಲಿ ನೇತಾಡುತ್ತಿದ್ದ ನೀಲಿ ಕೈಬಲೆಯನ್ನೂ ತೋರಿಸಿದರು. ನೂರಾನ್ ಎರಡನ್ನೂ ನೋಡಿದಳು, ಇಸ್ಮಾಯಿಲನನ್ನು ನೋಡಿದಳು. ಜೋರಾಗಿ ಮಾತಾಡಲಿಲ್ಲ. ಇಸ್ಮಾಯಿಲ್ ಎರಡೂ ಕೈ ಎತ್ತಿ ಇಲ್ಲ ಇಲ್ಲ ಎಂದ. ಆಮೇಲೆ ಕೈ ಇಳಿಸಿದ.

ಊಟಕ್ಕೆ ಕೂತಾಗ ಬಾಳು ಹೇಳಿದ: “ಇಸ್ಮಾಯಿಲ್‌ನ ಕೆಲಸ ಹೋತು ಅಕ್ಕಾ. ಸತ್ತ ಮೀನು ಒಯ್ಯೂ ಮುಂದ ಹಳದಿ ಗೂಡಿನಾಗ ಕೆಡವ್ಯಾನ, ಬಲಿ ಅದ್ದಿಲ್ಲ ಅಂತ. ಹಿಂದೊಮ್ಮೆ ಅದ್ದೂದು ಮರತು ಬೈಸಿಕೊಂಡಿದ್ದ. ಈ ವಾರ ಮುಗಿಸಿ ಹೋಗಂದಾಳ.”

ನನ್ನ ಬಾಯಲ್ಲಿ ತುತ್ತಿತ್ತು. ಅದನ್ನು ನುಂಗಿದೆ. ಮಾತನ್ನೂ ನುಂಗಿದೆ. ಪರದೇಶ, ತಮ್ಮನ ನೌಕರಿ, ನನ್ನ ಮಾನ ಎಂದು ಮನಸ್ಸು ಒಂದೊಂದೇ ಕಾರಣ ಎತ್ತಿಕೊಟ್ಟಿತು. ಸಾರು ಹೇಗಾಗಿದೆ ಎಂದು ಕೇಳಿದೆ. ಆ ಅರ್ಧ ಕಥೆಯನ್ನು ಊರಿನಲ್ಲಿ ಹೇಳದಂತೆ ನನ್ನ ನಾಲಿಗೆ ಹಿಡಿದದ್ದು ಮೀನು ಸಾಗಿಸಿದ್ದಲ್ಲ, ಈ ಸಾರಿನ ಮಾತು.

ದಕ್ಕೆಯ ಮೇಲೆ

ಮರುದಿನ ಬಾಳು ಮನೆಯಲ್ಲಿದ್ದಾಗ ಫಾತ್ಮಾ ಒಂದು ಕಟ್ಟು ಯುಫ್ಕಾ ತಂದಳು. ಮೊದಲು ತಮಾಷೆ ಮಾಡಿದಳು, ಇನ್ನು ಗಂಡ ಮನೆಯಲ್ಲೇ ಇರುತ್ತಾನೆ, ಅವನಿಗೂ ಲಟ್ಟಣಿಗೆ ಕೊಡುತ್ತೇನೆ ಎಂದು. ಆಮೇಲೆ ಬಾಳುಗೆ ಏನೋ ಮೆಲ್ಲಗೆ ಹೇಳಿದಳು. ಅವಳು ಹೋದ ಮೇಲೆ ಕೇಳಿದೆ, ಏನಂದಳು ಎಂದು.

“ಇಸ್ಮಾಯಿಲ್ ನಿನ್ನೆಯಿಂದ ತನ್ನ ಕೈ ತಾನು ನೋಡಕೋತ ಕುಂತಾನಂತ. ‘ನಾ ಹಂಗ ಮಾಡಿಲ್ಲ ಅಂದಕೊಂಡೇನಿ, ಆದ್ರ ಮಾಡಿದ್ದು ಮರತಿದ್ರ?’ ಅಂತಾನಂತ. ವಯಸ್ಸಾತೇನೋ ಅಂತ ಹೆದರ್ಯಾನ.”

ಅವನು ನನ್ನ ಮೇಲೆ ಸಂಶಯ ಪಟ್ಟಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ತನ್ನ ಮೇಲೆ ತಾನೇ ಸಂಶಯ ಪಡತೊಡಗಿದ್ದನ್ನು ಕೇಳಿ ನಿಲ್ಲಲಾಗಲಿಲ್ಲ.

“ಬಾಳೂ, ಆ ಎರಡು ಮೀನು ನಾ ಒಯ್ದು ಬಿಟ್ಟದ್ದು.”

ಅವನು ಯುಫ್ಕಾದ ಕಟ್ಟನ್ನು ಬದಿಗೆ ಸರಿಸಿದ. ಆಮೇಲೆ, “ನಾ ಅವತ್ತ ಹೇಳಿದ್ನೋ ಇಲ್ಲೋ?”

“ಹೇಳಿದ್ದಿ. ಒಂದೇ ಸಮುದ್ರ ಐತಿ, ಬಲಿ ಬ್ಯಾರೆ ಯಾಕಂತ ನಾ ಅಂದಕೊಂಡೆ.”

“ಎಲ್ಲಾರೂ ಉಸಿರಾಡೂ ಗಾಳಿ ಒಂದೇ ಐತಿ ಅಂತ ಒಬ್ಬರ ತಾಟಿನಾಗ ಇನ್ನೊಬ್ಬರು ಕೆಮ್ಮತಾರೇನಕ್ಕಾ?” ಎಂದ. ಹಾಗೆಂದು ತಾನೇ ತಲೆ ತಗ್ಗಿಸಿದ. “ನಿನ್ನ ಕರಕೊಂಡು ಹೋದಾಂವ ನಾ. ನೀ ಮಾಡಿದ್ದಂದ್ರ ನಾ ಮಾಡಿದ್ದ ಆಗತೈತಿ.”

“ಆಗಲಿ. ಅಂವಾ ಮಾಡಿದ್ದಂತೂ ಆಗೂದಿಲ್ಲಲ್ಲ.”

ಮರುದಿನ ಬೆಳಿಗ್ಗೆ ದಕ್ಕೆಯ ಮೇಲೆ ಎಲ್ಲರೂ ಇದ್ದರು. ಬಾಳು ನೂರಾನ್ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಟರ್ಕಿ ಮಾತಿನಲ್ಲಿ ನನ್ನ ತಪ್ಪು ಎಷ್ಟು ಮೆತ್ತಗಾಗುತ್ತದೋ ಎಂದು ನನಗೆ ಭಯ. ಅವನಿಗಿಂತ ಮೊದಲು ನಾನೇ, ದಕ್ಕೆಗೆ ತಂದಿಟ್ಟಿದ್ದ ಆ ನೀಲಿ ಕೈಬಲೆ ಎತ್ತಿಕೊಂಡೆ. ಎದೆ ಬಡಿದುಕೊಂಡು “ಅಬ್ಲಾ” ಎಂದೆ. ಬಗ್ಗಿ ನೀರಿನಿಂದ ಎತ್ತಿದ ಹಾಗೆ ಮಾಡಿದೆ, ಎರಡು ಬೆರಳು ತೋರಿಸಿದೆ, ಸೆರಗು ಮರೆಮಾಡಿ ಕಳ್ಳ ಹೆಜ್ಜೆಯಲ್ಲಿ ನಡೆದೆ, ಅಲ್ಲಿದ್ದ ಒಂದು ಹಳದಿ ಬಕೀಟನ್ನೇ ಗೂಡು ಮಾಡಿ ಅದರ ಮುಂದೆ ನಿಂತು ಬಲೆ ಕೊಡವಿದೆ. ಯಾಕೆ ಎಂದು ತೋರಿಸುವುದು ಕಷ್ಟವಾಯಿತು. ಮರಿಯನ್ನು ಎತ್ತಿಕೊಂಡ ಹಾಗೆ ಕೈ ತೂಗಿ “ಮ್ಯಾ” ಎಂದೆ.

ಒಬ್ಬ ಬಾಳುನನ್ನು ಏನೋ ಕೇಳಿದ. ನಿಮ್ಮ ಕಡೆ ಮೀನು ಹೀಗೆ ಕೂಗುತ್ತದೆಯೇ ಎಂದಂತೆ. ಆಗ ಬಾಳು ಎಲ್ಲವನ್ನೂ ಹೇಳಿದ. ಮೊದಲು ನಕ್ಕವನು ಇಸ್ಮಾಯಿಲ್. ನಗುತ್ತ ನಗುತ್ತ ತನ್ನ ಎರಡೂ ಕೈಗಳನ್ನು ಹೊರಳಿಸಿ ನೋಡಿಕೊಂಡ, ಕಳೆದುಹೋದದ್ದು ಸಿಕ್ಕ ಹಾಗೆ. ನಾನು ಅವನ ಮುಂದೆ ಕೈ ಮುಗಿದೆ. ಅವನು ನನ್ನ ಕೈಯಿಂದ ಕೈಬಲೆ ತೆಗೆದುಕೊಂಡು, ಔಷಧದಲ್ಲಿ ಅದ್ದಿ, ನೀಲಿ ಗೂಡಿಗೆ ಹೋಗುವ ದೋಣಿಯಲ್ಲಿಟ್ಟು, ನನ್ನ ಕಡೆ ಬೆರಳು ಆಡಿಸಿದ.

ನೂರಾನ್ ನಗಲಿಲ್ಲ. ಇಸ್ಮಾಯಿಲನಿಗೆ ಮೊದಲು ತಪ್ಪಾಯಿತು ಎಂದಳು, ಅದು ನನಗೂ ತಿಳಿಯಿತು. ಬಾಳುನನ್ನು ನನ್ನ ಎದುರೇ ಚೆನ್ನಾಗಿ ಬೈದಳು. ಅವನು ಒಂದಕ್ಕೂ ಎದುರಾಡಲಿಲ್ಲ. ನನ್ನ ಸಲುವಾಗಿ ತಮ್ಮ ತಲೆ ತಗ್ಗಿಸಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೆ ದೋಣಿ ಹತ್ತುವುದು ಬಂದ್. ಆಮೇಲೆ ಒಂದು ಕುರ್ಚಿ ತರಿಸಿ, ದಕ್ಕೆಯ ಬಾಯಲ್ಲಿ, ಆ ನಸುಗೆಂಪು ನೀರಿನ ತಟ್ಟೆಯ ಪಕ್ಕದಲ್ಲಿ ಇಡಿಸಿದಳು. ಕುರ್ಚಿ ತೋರಿಸಿ, ನನ್ನನ್ನು ತೋರಿಸಿ, ತಟ್ಟೆ ತೋರಿಸಿದಳು. ಬಾಳು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

ಕುರ್ಚಿಯ ಅಧಿಕಾರ

ಬಾಳುನ ಪಟ್ಟಿ ಬಿಚ್ಚುವವರೆಗೆ ನಾನು ಆ ಕುರ್ಚಿಯಲ್ಲಿ ಕೂತೆ. ಕಾಲು ಅದ್ದದೆ ಒಬ್ಬನನ್ನೂ ಬಿಡಲಿಲ್ಲ. ಅಲ್ಲಿ ಕೂತು ನಾನು ಆಡುತ್ತಿದ್ದ ಟರ್ಕಿ ಮಾತು ಎರಡು: ಬಾ ಎನ್ನಲು ‘ಗೆಲ್’, ಇಲ್ಲ ಎನ್ನಲು ‘ಯೋಕ್’. ಆ ಕೆಲಸಕ್ಕೆ ಅಷ್ಟು ಸಾಕು. ಒಂದು ದಿನ ನೂರಾನ್ ಫೋನಿನಲ್ಲಿ ಮಾತಾಡುತ್ತ ತಟ್ಟೆಯನ್ನು ದಾಟಿಯೇ ಹೊರಟಳು. ನಾನು ಎದ್ದು ಅಡ್ಡ ನಿಂತೆ. “ಯೋಕ್! ಹಿಂದ ಬರ್ರಿ, ಕಾಲು ಅದ್ದ್ರಿ.” ಅವಳು ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ತಿರುಗಿ ಬಂದು ಒಂದೊಂದೇ ಬೂಟು ಅದ್ದಿದಳು. ಆವತ್ತು ಮೊದಲ ಸಲ ಅವಳ ಹಲ್ಲು ನೋಡಿದೆ.

ಹಳದಿ ಗೂಡಿನಲ್ಲಿ ಬಹಳ ಮರಿ ಹೋದವು. ಆಮೇಲೆ ಮೇವಿನ ಔಷಧ ಹಿಡಿಯಿತು, ಸಾವು ಕಡಿಮೆಯಾಗುತ್ತ ಬಂತು. ಉಳಿದವಕ್ಕೆ ಎರಡನೆಯ ಲಸಿಕೆ ಹಾಕುವ ದಿನ ಇಸ್ಮಾಯಿಲ್ ದೋಣಿಯಿಂದಲೇ ನನಗೆ ಕೈ ಬೀಸಿ “ಮ್ಯಾ” ಎಂದು ಕೂಗಿದ. ದಕ್ಕೆಯ ಮೇಲೆ ಅದು ನಮಸ್ಕಾರದ ಮಾತೇ ಆಗಿಹೋಗಿತ್ತು.

ಹೊರಡುವ ದಿನ ಕಾರು ಮುಂದಕ್ಕೆ ಸರಿದ ಕೂಡಲೇ ಫಾತ್ಮಾ ಒಂದು ತಂಬಿಗೆ ನೀರನ್ನು ಹಿಂದಿನಿಂದ ರಸ್ತೆಗೆ ಚೆಲ್ಲಿದಳು. ನಮ್ಮ ಕಡೆ ಯಾರನ್ನಾದರೂ ಮಣ್ಣು ಮಾಡಿ ಬಂದ ಮೇಲೆ ಹೀಗೆ ನೀರು ಚೆಲ್ಲಿ ಮನೆ ತೊಳೆಯುತ್ತಾರೆ. ಇವಳು ಇನ್ನೂ ಸಿಟ್ಟು ಬಿಟ್ಟಿಲ್ಲ ಎಂದುಕೊಂಡೆ.

“ಅಲ್ಲಕ್ಕಾ,” ಬಾಳು ನಕ್ಕ. “ನೀರು ಹರದಂಗ ಹೋಗು, ನೀರು ಹರದಂಗ ತಿರುಗಿ ಬಾ ಅಂತ. ಬೇಕಾದವರಿಗೆ ಅಷ್ಟ ಹಾಕತಾರ.”

ಬುಟ್ಟಿಯ ಹೊರಗೆ

ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಬಾಳುನನ್ನು ಕೇಳಿದ್ದೆ: “ಖರೆ ಹೇಳು, ಆ ಮರಿಗಳಿಗೆ ರೋಗ ನನ್ನಿಂದಲೇ ಬಂತೇನು?”

ಅವನು ಪಟ್ಟಿ ಬಿಚ್ಚಿದ, ತೆಳ್ಳಗಾದ ಕೈಯನ್ನು ನನ್ನ ಹೆಗಲ ಮೇಲಿಟ್ಟ. “ಗೊತ್ತಿಲ್ಲಕ್ಕಾ. ಸಮುದ್ರದಿಂದನೂ ಬಂದಿರಬಹುದು. ಮರಿಗಳ ಒಳಗ ಮೊದಲ ಇದ್ದಿರಬಹುದು. ಯಾರಿಗೂ ಗೊತ್ತಾಗೂದಿಲ್ಲ.”

ಸಮಾಧಾನಕ್ಕೆ ಹೇಳಿದನೋ, ನಿಜವೇ ಹೇಳಿದನೋ ತಿಳಿಯಲಿಲ್ಲ. ಗೊತ್ತಾಗದಿದ್ದರೆ ನನ್ನ ಪಾಲಿಗೇ ಇರಲಿ ಎಂದುಕೊಂಡು ವಿಮಾನ ಹತ್ತಿದೆ.

ಈಗ ನಮ್ಮ ಹಟ್ಟಿಯ ಬಾಗಿಲಲ್ಲಿ ಸುಣ್ಣದ ನೀರಿನ ತಗ್ಗಾದ ತಟ್ಟೆ ಇದೆ. ಯಜಮಾನರು ದಿನಾಲೂ ಗೊಣಗುತ್ತ ಕಾಲು ಅದ್ದುತ್ತಾರೆ. “ಟರ್ಕಿಯಿಂದ ಸಾಹೇಬ್ರು ಬಂದಾರ” ಎಂದು ಅವರಿವರಿಗೆ ಹೇಳುತ್ತಾರೆ.

ಮೊನ್ನೆ ಹಿಂದಿನ ಓಣಿಯ ಸತ್ಯವ್ವ ಒಂದು ಸೊರಗಿದ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದಳು. ಮೂಗಿನಲ್ಲಿ ಸಿಂಬಳ, ಕಿವಿ ಜೋತುಬಿದ್ದಿದ್ದವು. “ಯಕ್ಕಾ, ನಿನ್ನ ಮರಿಗಳ ಜೋಡಿ ಬಿಡು. ನಿನ್ನ ಕೈಗೆ ಬಂದ್ರ ಉಳೀತೈತಿ” ಎಂದಳು. ಒಳಗೆ ಕವುಚಿಟ್ಟ ದೊಡ್ಡ ಬುಟ್ಟಿಯ ಕೆಳಗಿನ ಮರಿಗಳು ಅದರ ವಾಸನೆಗೆ ಕೂಗತೊಡಗಿದವು. ಇದೂ ತಿರುಗಿ ಕೂಗಿತು.

ಮರಿಯನ್ನು ಇಸಿದುಕೊಂಡೆ. ಒಳಗೆ ಮಾತ್ರ ಬಿಡಲಿಲ್ಲ. ಹಟ್ಟಿಯ ಆಚೆ ಬೇವಿನ ನೆರಳಿನಲ್ಲಿ ಗೋಣಿ ಹಾಸಿದೆ. ಗೊಟ್ಟದಲ್ಲಿ ಔಷಧ ಹೊಯ್ದೆ, ಬೆರಳಿಗೆ ಹಾಲು ಹಚ್ಚಿ ನೆಕ್ಕಿಸಿದೆ. ಒಂಟಿ ಮರಿ ಹೆದರುತ್ತದೆ. ಅದಕ್ಕೆ ಅದು ನಿದ್ದೆ ಹೋಗುವವರೆಗೆ ನಾನೂ ಅದರ ಜೊತೆ ಹೊರಗೇ ಕೂತೆ.